ಕಿವಿಯ ಬುಡದ ಚಳಿ

ನಮ್ಮಜ್ಜಿ ಮುಖ ತೊಳೆಯುವ ಮೊದಲೇ ಕೊಟ್ಟಿಗೆಗೆ ಹೋಗುತ್ತಿದ್ದಳು. ಕೈಯಲ್ಲಿ ಬುಡ್ಡಿದೀಪ, ತಲೆಯ ಮೇಲೆ ಕಂಬಳಿಕೊಪ್ಪೆ. ಹದಿನೇಳು ದನ ಇದ್ದವು ಆಗ. ಹಾಲಿಗೆ ಮೂರು, ಉಳುಮೆಗೆ ಎರಡು ಜೋಡಿ, ಮಿಕ್ಕವೆಲ್ಲ ಗೊಬ್ಬರಕ್ಕೆ. ಸಕಲೇಶಪುರದ ನಮ್ಮ ಯಸಳೂರು ಕಡೆ ದನ ಕಟ್ಟುವುದು ಸಗಣಿಗೆ ಎಂದರೆ ಬಯಲುಸೀಮೆಯವರು ನಗುತ್ತಾರೆ. ನಗಲಿ. ಕಾಫಿ, ಏಲಕ್ಕಿ, ಗದ್ದೆ ಮೂರೂ ನಿಂತಿದ್ದದ್ದು ಆ ತಿಪ್ಪೆಯ ಮೇಲೆ. ಬೇಸಿಗೆಯಲ್ಲಿ ತರಗು, ಮಳೆಗಾಲದಲ್ಲಿ ಹಸಿಸೊಪ್ಪು ಹಾಸಿ, ದನ ತುಳಿದು ತುಳಿದು ಮಾಡಿದ ಗೊಬ್ಬರ.

ಅಜ್ಜಿ ಒಂದೊಂದು ದನದ ಪಕ್ಕಕ್ಕೂ ನಿಲ್ಲುವಳು. ಎಡಗೈ ಬೆನ್ನ ಮೇಲೆ, ಬಲಗೈಯಲ್ಲಿ ಕಿವಿ. ತುದಿ ಹಿಡಿಯುತ್ತಿರಲಿಲ್ಲ, ಬುಡ ಹಿಡಿಯುವಳು. ಆಮೇಲೆ ದೀಪ ಎತ್ತಿ ಮೂತಿ ನೋಡುವಳು. ಚೆನ್ನಾಗಿರುವ ದನದ ಮೂತಿಯ ಮೇಲೆ ಇಬ್ಬನಿ ಕೂತ ಹಾಗೆ ಹನಿ ಇರುತ್ತದೆ, ಒರೆಸಿದರೆ ಮತ್ತೆ ಮೂಡುತ್ತದೆ. ಕೊನೆಗೆ ಕಾಲಬುಡದ ಸಗಣಿ. ಹದಿನೇಳಕ್ಕೂ ಸೇರಿ ಹತ್ತು ನಿಮಿಷ ಹಿಡಿಯುತ್ತಿರಲಿಲ್ಲ.

1966ರ ಕಾರ್ತಿಕ. ನನಗೆ ಒಂಬತ್ತು ವರ್ಷ. ಗೌರಿ ಎಂಬ ಕಂದು ಹಸುವಿನ ಹತ್ತಿರ ಅಜ್ಜಿ ನಿಂತವಳು ನಿಂತೇ ಇದ್ದಳು. ಪಕ್ಕದ ಎತ್ತಿನ ಕಿವಿ ಹಿಡಿದಳು, ಮತ್ತೆ ಗೌರಿಯ ಕಿವಿ ಹಿಡಿದಳು.

"ಇದ್ನ ಇವತ್ತು ಮಂದೆಗ್ ಬಿಡ್ಬೇಡಿ."

"ಯಾಕಜ್ಜಿ?"

"ಕಿವಿ ಬುಡ ತಣ್ಣಗಾಗಿದೆ."

"ಜ್ವರ ಬಂದ್ರೆ ಬಿಸಿ ಆಗ್ಬೇಕಲ್ವಾ?"

"ಬಿಸಿ ಆದ್ಮೇಲೆ ನಿನ್ ದೊಡ್ಡಪ್ಪಂಗೂ ಗೊತ್ತಾಗುತ್ತೆ."

ಗೌರಿ ಆಗ ಮೆಲುಕು ಹಾಕುತ್ತಲೇ ಇತ್ತು. ಎರಡು ದಿನ ಕಳೆದ ಮೇಲೆ ಬಾಯಿಂದ ಜೊಲ್ಲು ಹಗ್ಗದ ಹಾಗೆ ಇಳಿಯಿತು, ಗೊರಸಿನ ಸಂದು ಒಡೆಯಿತು. ಕಾಲುಬಾಯಿ ಜ್ವರ. ನಾನು ಅಜ್ಜಿಯನ್ನು ದೇವರೆಂದು ತಿಳಿದದ್ದು ಆವತ್ತು. ಆ ಎರಡು ದಿನದಲ್ಲಿ ನಡೆದ ಇನ್ನೊಂದು ಸಂಗತಿ ಅರ್ಥವಾಗಲು ಬಹಳ ವರ್ಷ ಬೇಕಾಯಿತು. ಅಜ್ಜಿ ಹೇಳಿದ ದಿನವೇ ಮಧ್ಯಾಹ್ನ ದೊಡ್ಡಪ್ಪ ಗೌರಿಯ ಪಕ್ಕ ಕಟ್ಟಿದ್ದ ಜೋಡಿಯನ್ನು ಬಿಚ್ಚಿಕೊಂಡು ಬಿಸಿಲೆ ದಾರಿಯಲ್ಲಿ ಘಟ್ಟ ಇಳಿದಿದ್ದ. ಸುಬ್ರಹ್ಮಣ್ಯದ ಹತ್ತಿರದ ಕುಲ್ಕುಂದದಲ್ಲಿ ದನದ ಜಾತ್ರೆ. ಘಟ್ಟದ ಮೇಲಿನವರು ಎತ್ತು ಹೊಡೆದುಕೊಂಡು ಹೋಗುವುದು, ಕೆಳಗಿನವರು ಕೊಳ್ಳುವುದು, ಹಿಂದಿನಿಂದ ಬಂದ ರೂಢಿ. ಎತ್ತುಗಳ ಮೈ ಮಿರಮಿರ ಮಿಂಚುತ್ತಿತ್ತು, ರೋಗದ ಒಂದು ಗುರುತೂ ಇರಲಿಲ್ಲ. ಒಳ್ಳೆಯ ಬೆಲೆಗೆ ಮಾರಿದ. ಬರುವಾಗ ಅಜ್ಜಿಗೊಂದು ಹಿತ್ತಾಳೆ ಚೊಂಬು ತಂದ.

ಅಜ್ಜಿ ಆ ಚೊಂಬನ್ನು ಅಟ್ಟಕ್ಕೆ ಎಸೆದಳು. ಅವಳು ಹೋದ ಮೇಲೆ ಅಟ್ಟ ಗುಡಿಸುವಾಗ ಸಿಕ್ಕಿತು. ಒಳಗೆ ಇಲಿ ಗೂಡು ಕಟ್ಟಿತ್ತು.

ಮೊದಲು ತಿಳಿದವನು ಮೊದಲು ಮಾರಿದ. ದನದ ರೋಗದ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ ಈ ಸಾಲಿನಿಂದ ಶುರು ಮಾಡಬೇಕು ಅನ್ನುತ್ತೇನೆ. ನಾನು ಪಶುಪಾಲನಾ ಇಲಾಖೆ ಸೇರಿ, ಮೂವತ್ತೆಂಟು ವರ್ಷ ಹಳ್ಳಿ ಸುತ್ತಿ, ರಿಟೈರಾಗಿ ಊರಿಗೆ ಬಂದವನು. ಹುದ್ದೆ ಸ್ಟಾಕ್‌ಮನ್ನಿನದು, ಆದರೆ ನಮ್ಮ ಕಡೆ ಸೂಜಿ ಹಿಡಿದವರೆಲ್ಲ ಡಾಕ್ಟರೇ. ಡಾಕ್ಟ್ರೇ ಎಂದು ಕರೆದವರನ್ನು ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಬಿಟ್ಟೆ.

ಅಜ್ಜಿಯ ಕಾಲದವರು ನಿಜವಾಗಿ ಹೆದರುತ್ತಿದ್ದದ್ದು ಕಾಲುಬಾಯಿಗಲ್ಲ. ಕಾಲುಬಾಯಿ ಬಂದರೆ ಕರು ಸಾಯಬಹುದು, ದೊಡ್ಡ ದನ ಸೊರಗಿ ಏಳುತ್ತದೆ. ನಮ್ಮ ಗಿಡ್ಡ ತಳಿಯಂತೂ ಕೆಸರಲ್ಲಿ ನಿಂತು, ಅಂಬಲಿ ಕುಡಿದು ಎದ್ದುಬಿಡುತ್ತಿತ್ತು. ಹೆದರಿಕೆ ಇದ್ದದ್ದು ದೊಡ್ಡರೋಗಕ್ಕೆ. ಇಂಗ್ಲಿಷಿನವರು ರಿಂಡರ್‌ಪೆಸ್ಟ್ ಎನ್ನುವುದು ಇದನ್ನೇ. ಮೊದಲು ಜ್ವರ, ಕಣ್ಣಲ್ಲಿ ನೀರು, ಆಮೇಲೆ ಒಸಡಿನ ಮೇಲೆ ತವುಡು ಉದುರಿಸಿದಂತೆ ಹುಣ್ಣು, ಅದರ ಹಿಂದೆಯೇ ನಾರುವ ಭೇದಿ. ವಾರ ಹತ್ತು ದಿನದಲ್ಲಿ ಕೊಟ್ಟಿಗೆ ಖಾಲಿ. "ಗೂಟ ಮಾತ್ರ ಉಳೀತು" ಎಂದು ಅಜ್ಜಿ ಹೇಳುತ್ತಿದ್ದದ್ದು ಅವಳ ತವರಿನ ಮಾತು.

ಆ ರೋಗಕ್ಕೆ ಮದ್ದಿರಲಿಲ್ಲ. ಇದ್ದದ್ದು ಮಾರಿಯನ್ನು ಊರಾಚೆ ಕಳಿಸುವುದು. ತಮಟೆ ಹೊಡೆದು, ಗಡಿಯವರೆಗೆ ಹೊತ್ತು, ಅಲ್ಲಿ ಇಳಿಸಿ, ಹಿಂದೆ ತಿರುಗಿ ನೋಡದೆ ಬರುವುದು. ಗಡಿಯ ಆಚೆ ಇನ್ನೊಂದು ಊರು. ಅವರು ಇನ್ನೊಂದು ಗಡಿಗೆ ಹೊರುತ್ತಾರೆ. ದೊಡ್ಡಪ್ಪನ ಎತ್ತು ಘಟ್ಟ ಇಳಿದದ್ದಕ್ಕೂ ಇದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ, ತಮಟೆ ಒಂದು ಬಿಟ್ಟರೆ.

ಸರ್ಕಾರಗಳಿಗೆ ದನದ ಮೇಲೆ ಕಣ್ಣು ಮೊದಲಿನಿಂದ ಇತ್ತು, ತಮ್ಮ ದನದ ಮೇಲೆ. ಮೈಸೂರು ಅರಸರ ದನದ ಇಲಾಖೆಯಾದ ಬೆಣ್ಣೆ ಚಾವಡಿಯನ್ನು ಟಿಪ್ಪು ಅಮೃತಮಹಲ್ ಎಂದು ಕರೆದ. ಆ ಹಿಂಡಿಗೆ ಕಾವಲು, ಸೇರ್ವೇಗಾರರು, ಹುಕುಂನಾಮೆ ಎಲ್ಲ ಇದ್ದವು. ತೋಪು ಎಳೆಯುವ ಎತ್ತು ಅದು. 1860ರಲ್ಲಿ ಇಂಗ್ಲಿಷರು ಹಿಂಡನ್ನು ಮಾರಿಬಿಟ್ಟರು, 1866ರಲ್ಲಿ ತಪ್ಪು ತಿಳಿದು ಮತ್ತೆ ಕಟ್ಟಿದರು. ರೈತನ ದನದ ವಿಚಾರಕ್ಕೆ ಬಂದದ್ದು ಅದರ ನಂತರ. ಹ್ಯಾಲನ್ ಎಂಬ ಸೈನ್ಯದ ಪಶುವೈದ್ಯನ ಮುಂದಾಳತ್ವದಲ್ಲಿ ದನಗಳ ಪಿಡುಗಿನ ಆಯೋಗ ಕೂತು 1871ರಲ್ಲಿ ವರದಿ ಕೊಟ್ಟಿತು. ಅದೇ ಕಾಲದಲ್ಲಿ ನಮ್ಮ ಮಂಜರಾಬಾದಿನಲ್ಲಿ (ಸಕಲೇಶಪುರ ಸೀಮೆಯ ಹಳೆಯ ಹೆಸರು) ರಾಬರ್ಟ್ ಎಲಿಯಟ್‌ನಂಥ ತೋಟಗಾರರು ಕಾಡು ಕಡಿದು ಕಾಫಿ ಹಾಕುತ್ತಿದ್ದರು. ಕಾಫಿ ಹೆಚ್ಚಿದಷ್ಟೂ ಗೊಬ್ಬರದ ಹಸಿವು ಹೆಚ್ಚಿತು, ಗೊಬ್ಬರಕ್ಕೆ ದನ ಹೆಚ್ಚಿದವು, ಗಾಡಿ ಎಳೆಯಲು ಬಯಲಿನ ಎತ್ತು ಘಟ್ಟಕ್ಕೆ ಬಂದವು. ಗಾಡಿದಾರಿಯೇ ರೋಗದ ದಾರಿ.

ಇಂಗ್ಲೆಂಡಿನಲ್ಲಿ ಇದೇ ದೊಡ್ಡರೋಗ 1865-66ರಲ್ಲಿ ಹಬ್ಬಿದಾಗ ಬರ್ಡನ್ ಸ್ಯಾಂಡರ್ಸನ್ ಎಂಬ ವೈದ್ಯ ದನಗಳಿಗೆ ಬೇಕೆಂದೇ ರೋಗ ಅಂಟಿಸಿ, ಥರ್ಮಾಮೀಟರ್ ಇಟ್ಟು ನೋಡಿದ. ಬಾಯಿ ಹುಣ್ಣಾಗುವ ಮೊದಲೇ, ದನ ಮೇಯುತ್ತಿರುವಾಗಲೇ ಪಾದರಸ ಏರಿತ್ತು. ಇದನ್ನು ಓದಿದಾಗ ನನಗೆ ಅಜ್ಜಿಯ ಬುಡ್ಡಿದೀಪ ನೆನಪಾಯಿತು. ಕಣ್ಣಿಗೆ ಕಾಣುವ ರೋಗದ ಹಿಂದೆ ಕಾಣದ ಒಂದೆರಡು ದಿನ ಇವೆ ಎಂಬುದನ್ನು ಒಬ್ಬ ಗಾಜಿನ ಕಡ್ಡಿಯಿಂದ ಅಳೆದ, ಒಬ್ಬಳು ಬೆರಳಿಂದ.

ಆಮೇಲಿನ ನೂರು ವರ್ಷ ವಿಜ್ಞಾನ ದನವನ್ನು ಬಿಟ್ಟು ಕ್ರಿಮಿಯ ಹಿಂದೆ ಹೋಯಿತು. 1889ರಲ್ಲಿ ಪುಣೆಯಲ್ಲಿ ಶುರುವಾದ ಇಂಪೀರಿಯಲ್ ಬ್ಯಾಕ್ಟೀರಿಯಾಲಾಜಿಕಲ್ ಲ್ಯಾಬೊರೇಟರಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು; ದೂರದ ಗುಡ್ಡವಾದರೆ ರೋಗ ಹೊರಗೆ ಹಾರುವುದಿಲ್ಲ ಎಂಬ ಲೆಕ್ಕ. 1897ರಲ್ಲಿ ರಾಬರ್ಟ್ ಕಾಖ್ ಅಲ್ಲಿಗೆ ಬಂದು ಹೋದ. 1920ರಲ್ಲಿ ಭಾರತದಿಂದ ಬ್ರೆಜಿಲ್‌ಗೆ ಹೊರಟ ದನ ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ ಇಳಿದು ಅಲ್ಲಿ ದೊಡ್ಡರೋಗ ಹಬ್ಬಿಸಿತು. ಆ ಗಾಬರಿಯಿಂದಲೇ 1924ರಲ್ಲಿ ಪ್ಯಾರಿಸ್ಸಿನಲ್ಲಿ ಜಾಗತಿಕ ಪಶುರೋಗ ಸಂಸ್ಥೆ ಹುಟ್ಟಿತು. ಮರುವರ್ಷ, 1925ರಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್. ಈಗ ಉದ್ದನೆಯ ಹೆಸರಿದೆ ಅದಕ್ಕೆ, ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ. ನಮ್ಮ ಇಲಾಖೆಯ ಹಳಬರು ಕೊನೆಯವರೆಗೂ "ಸೀರಂ" ಎಂದೇ ಅನ್ನುತ್ತಿದ್ದರು. "ಸ್ಯಾಂಪಲ್ ಸೀರಂಗೆ ಹೋಗಿದೆ" ಎಂದರೆ ಇನ್ನು ಕೇಳಬೇಡ ಎಂದರ್ಥ.

1954ರಲ್ಲಿ ದೇಶವ್ಯಾಪಿ ದೊಡ್ಡರೋಗ ನಿರ್ಮೂಲನ ಕಾರ್ಯಕ್ರಮ ಬಂತು. ಮೊದಲು ಎಡ್ವರ್ಡ್ಸ್ ಎಂಬವನು ಮುಕ್ತೇಶ್ವರದಲ್ಲಿ ಆಡಿನ ಮೈಯಲ್ಲಿ ಸಾಕಿ ಪಳಗಿಸಿದ ವೈರಾಣುವಿನ ಲಸಿಕೆ, ಆಮೇಲೆ ಕೀನ್ಯಾದಲ್ಲಿ ಪ್ಲೋರೈಟ್ ಮಾಡಿದ ಜೀವಕೋಶದ ಲಸಿಕೆ. ನಾನು 1979ರಲ್ಲಿ ಕೆಲಸಕ್ಕೆ ಸೇರಿದಾಗ ಕೈಗೆ ಬಂದದ್ದು ಈ ಎರಡನೆಯದು. ಸಣ್ಣ ಗಾಜಿನ ಸೀಸೆಯ ತಳದಲ್ಲಿ ಒಣಗಿದ ಬಿಳಿ ಬಿಲ್ಲೆ. ಸಲೈನಿನಲ್ಲಿ ಕರಗಿಸಿದರೆ ಬೇಗ ಚುಚ್ಚಿ ಮುಗಿಸಬೇಕು. ಸೀಸೆ ಇರುವುದು ಥರ್ಮಾಸ್ ಫ್ಲಾಸ್ಕಿನಲ್ಲಿ, ಮಂಜುಗಡ್ಡೆಯ ನಡುವೆ. ಮಂಜುಗಡ್ಡೆ ಸಕಲೇಶಪುರದಿಂದ. ಬಸ್ಸು ದಿನಕ್ಕೆರಡು, ಮಳೆ ಬಂದರೆ ದೇವರಿಚ್ಛೆ.

ಒಂದು ಸಲ ಹೆತ್ತೂರು ಕಡೆ ಹೋಗುವಾಗ ಬಸ್ಸು ಕೆಟ್ಟು ನಿಂತಿತು. ಮೂರು ತಾಸು. ಊರು ತಲುಪಿ ಫ್ಲಾಸ್ಕ್ ತೆಗೆದರೆ ಸೀಸೆಗಳು ಬೆಚ್ಚಗಿನ ನೀರಲ್ಲಿ ತೇಲುತ್ತಿವೆ. ಎದುರಿಗೆ ಎಪ್ಪತ್ತೆಂಬತ್ತು ದನ ಕಟ್ಟಿಕೊಂಡು ಊರಿಗೆ ಊರೇ ಕಾಯುತ್ತಿದೆ. ಕಾಫಿ ಕೊಯ್ಲಿನ ಕೆಲಸ ಬಿಟ್ಟು ಬಂದವರು. ನಾನು ಚುಚ್ಚಿದೆ. ಎಲ್ಲಕ್ಕೂ ಚುಚ್ಚಿದೆ, ರಿಜಿಸ್ಟರಿನಲ್ಲಿ ಬರೆದೆ, ಸಹಿ ಮಾಡಿದೆ. ಆ ಊರಿಗೆ ದೊಡ್ಡರೋಗ ಬರಲಿಲ್ಲ. ನನ್ನ ಲಸಿಕೆಯಿಂದ ಬರಲಿಲ್ಲ ಎಂದು ಹೇಳುವ ಮುಖ ನನಗಿಲ್ಲ. ಸುತ್ತಲಿನ ಊರುಗಳಲ್ಲಿ ಬೇರೆಯವರು ಸರಿಯಾಗಿ ಚುಚ್ಚಿದ್ದರು, ಅದಕ್ಕೆ ಬರಲಿಲ್ಲ. ದೊಡ್ಡಪ್ಪನ ಬಗ್ಗೆ ಬರೆದವನು ಇದನ್ನೂ ಬರೆಯಬೇಕು.

ದೇಶದಲ್ಲಿ ದೊಡ್ಡರೋಗ ಕೊನೆಯ ಸಲ ಕಂಡದ್ದು 1995ರಲ್ಲಿ, ತಮಿಳುನಾಡಿನಲ್ಲಿ. 2006ರಲ್ಲಿ ಭಾರತದಲ್ಲಿ ಸೋಂಕೇ ಇಲ್ಲವೆಂದು ಸಾರಿದರು, 2011ರಲ್ಲಿ ಲೋಕದಲ್ಲೇ ಇಲ್ಲವೆಂದು. ಸಿಡುಬಿನ ನಂತರ ಮನುಷ್ಯ ಭೂಮಿಯಿಂದ ಅಳಿಸಿದ ಎರಡನೆಯ ರೋಗ. ಆ ದಿನ ನಮ್ಮ ಆಸ್ಪತ್ರೆಯಲ್ಲಿ ಯಾರೂ ಪೇಡೆ ಹಂಚಲಿಲ್ಲ. ನಾನೊಬ್ಬನೇ ಹೋಟೆಲಿಗೆ ಹೋಗಿ ಮೈಸೂರು ಬೋಂಡ ತಿಂದು ಬಂದೆ.

ರೋಗ ಹೋಯಿತು, ಅಷ್ಟು ಹೊತ್ತಿಗೆ ದನವೂ ಬದಲಾಗಿತ್ತು. 1977ರಲ್ಲಿ ಹಾಸನ ಹಾಲು ಒಕ್ಕೂಟ ಶುರುವಾಯಿತು, ಡೇರಿ ಊರೂರಿಗೆ ಬಂತು, ಹಿಂದೆಯೇ ನಾವು ಕೃತಕ ಗರ್ಭಧಾರಣೆಯ ಕಡ್ಡಿ ಹಿಡಿದು ಬಂದೆವು. ಸೊಂಟದೆತ್ತರದ ಗಿಡ್ಡದ ಜಾಗದಲ್ಲಿ ಕಪ್ಪು-ಬಿಳಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ. ಹಾಲು ಹತ್ತು ಪಾಲಾಯಿತು, ಉಣುಗಿನ ಕಾಟ ಇಪ್ಪತ್ತು ಪಾಲು. ಉಣುಗಿನಿಂದ ಬರುವ ಥೈಲೇರಿಯಾ ಗಿಡ್ಡಕ್ಕೆ ಬಂದು ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಮಿಶ್ರತಳಿಯ ಕರುವಿಗೆ ಬಂದರೆ ಹೆಗಲ ಮುಂದಿನ ಗಂಟು ನಿಂಬೆಹಣ್ಣಿನಷ್ಟಾಗಿ, ಜ್ವರ ನೂರಾ ಆರಕ್ಕೆ ಏರಿ, ಕಣ್ಣಿನ ರೆಪ್ಪೆ ಕಾಗದದ ಹಾಗೆ ಬಿಳುಚುತ್ತದೆ.

ಆಗ ನಾನು ಮಾಡುತ್ತಿದ್ದದ್ದು ಕಿವಿ ಹಿಡಿಯುವುದೇ. ಕಿವಿಯ ಹೊರಮೈಯ ಸಣ್ಣ ನರವನ್ನು ಸೂಜಿಯಿಂದ ಚುಚ್ಚಿ, ಒಂದು ತೊಟ್ಟು ರಕ್ತವನ್ನು ಗಾಜಿನ ಸ್ಲೈಡಿನ ಮೇಲೆ ತೆಗೆದು, ಇನ್ನೊಂದು ಸ್ಲೈಡಿನ ಅಂಚಿನಿಂದ ಎಳೆದು ತೆಳ್ಳಗೆ ಸವರುವುದು. ನೆರಡಿಯ (ಆಂಥ್ರಾಕ್ಸ್) ಅನುಮಾನ ಬಂದರೂ ಹೀಗೇ. ನೆರಡಿಯಿಂದ ಸತ್ತ ದನವನ್ನು ಕೊಯ್ಯಬಾರದು, ಕೊಯ್ದರೆ ಗಾಳಿ ಸೋಕಿ ಬೀಜಾಣು ಹುಟ್ಟಿ ಮಣ್ಣಿನಲ್ಲಿ ವರ್ಷಾನುಗಟ್ಟಲೆ ಕೂರುತ್ತವೆ. ಕಿವಿಯ ಒಂದು ತೊಟ್ಟು ಸಾಕು. ಥೈಲೇರಿಯಾದ ಅನುಮಾನಕ್ಕೆ ಹಾಸನಕ್ಕೆ ಹೋದ ಸ್ಲೈಡು ಉತ್ತರವಾಗಿ ಬರುವಷ್ಟರಲ್ಲಿ ಕರು ಎದ್ದಿರುತ್ತಿತ್ತು, ಇಲ್ಲವೇ ಮಣ್ಣಿನಡಿ ಹೋಗಿರುತ್ತಿತ್ತು. ಎರಡರಲ್ಲೂ ಉತ್ತರ ಸರಿಯಾಗಿಯೇ ಇರುತ್ತಿತ್ತು.

ಕ್ರಿಮಿ ಹುಡುಕುವ ವಿದ್ಯೆಯ ತೊಡಕು ಇದೇ. ಕ್ರಿಮಿ ಹೆಚ್ಚಿದ ಮೇಲೆ ಕಾಣುತ್ತದೆ. ರಕ್ತದಲ್ಲಿ ಪ್ರತಿಕಾಯ ಹುಡುಕುವ ಎಲೈಸಾ ಪರೀಕ್ಷೆಗೆ ಇನ್ನೂ ಒಂದು ವಾರ ಹೆಚ್ಚು ಬೇಕು, ದನದ ಮೈ ಪ್ರತಿಕಾಯ ಮಾಡಬೇಕಲ್ಲ. ಹೋದ ಕಳ್ಳನ ಹೆಜ್ಜೆ ಅಳೆದ ಹಾಗೆ.

ನನ್ನ ತಂಗಿಯ ಮಗಳು ಪಶುವೈದ್ಯೆ. ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದವಳು. ಅವಳೊಮ್ಮೆ ಹೇಳಿದಳು: "ಮಾವ, ಈಗ ಕ್ರಿಮೀನ ಹುಡುಕೋದಲ್ಲ, ದನದ ಮೈಗೆ ಏನು ಗೊತ್ತಾಗಿದೆ ಅಂತ ಕೇಳೋದು." ನಾನು ಕಿವಿ ನಿಮಿರಿಸಿದೆ. ಜೀನ್ ಎಕ್ಸ್‌ಪ್ರೆಶನ್ ಎಂದಳು. ವಂಶವಾಹಿಯ ಅಭಿವ್ಯಕ್ತಿ ಎಂದೂ ಕನ್ನಡದಲ್ಲಿ ಹೇಳಿದಳು. ಅದು ಮೊದಲಿನದಕ್ಕಿಂತ ಕಷ್ಟವಾಯಿತು. ಕೊನೆಗೆ ತೋಟದ ಲೆಕ್ಕದಲ್ಲಿ ನಾನೇ ಅರ್ಥ ಮಾಡಿಕೊಂಡೆ.

ದೊಡ್ಡ ಕಾಫಿ ತೋಟದಲ್ಲಿ ಆಫೀಸಿನ ಬೀರುವಿನೊಳಗೆ ದಪ್ಪ ಲೆಡ್ಜರ್ ಇರುತ್ತದೆ. ತೋಟದ ಎಲ್ಲ ಕೆಲಸದ ಕ್ರಮ ಅದರಲ್ಲಿದೆ. ಲೆಡ್ಜರ್ ಹೊರಗೆ ಬರುವುದಿಲ್ಲ. ಬೆಳಿಗ್ಗೆ ರೈಟರು ಅದನ್ನು ನೋಡಿ ಚೀಟಿ ಬರೆದು ಮೇಸ್ತ್ರಿಗಳಿಗೆ ಕಳಿಸುತ್ತಾನೆ: ಈ ಬ್ಲಾಕಿನಲ್ಲಿ ಗೊಬ್ಬರ, ಆ ಬ್ಲಾಕಿನಲ್ಲಿ ಚಿಗುರು ತೆಗೆಯುವುದು. ದನದ ಮೈಯ ಒಂದೊಂದು ಕೋಶದಲ್ಲೂ ಇದೇ ವ್ಯವಸ್ಥೆ. ಲೆಡ್ಜರು ಡಿಎನ್‌ಎ, ಅದರಲ್ಲಿ ಸುಮಾರು 22,000 ಜೀನು ಎಂದು 2009ರಲ್ಲಿ ಹಿಯರ್‌ಫರ್ಡ್ ತಳಿಯ ಒಂದು ಹಸುವಿನ ಲೆಡ್ಜರನ್ನು ಪೂರ್ತಿ ಓದಿ ಪ್ರಕಟಿಸಿದರು. ಚೀಟಿ ಆರ್‌ಎನ್‌ಎ. ತೋಟಕ್ಕೆ ಬೆಂಕಿ ಬಿದ್ದರೆ ಹೊಗೆ ರಸ್ತೆಗೆ ಕಾಣುವ ಮೊದಲೇ ರೈಟರ ಟೇಬಲ್ಲಿನಿಂದ "ಕೊಡ ತನ್ನಿ, ಸೊಪ್ಪು ಕಡೀರಿ" ಎಂಬ ಚೀಟಿ ಸಾಲುಸಾಲಾಗಿ ಹೊರಡುತ್ತವೆ. ಆ ಚೀಟಿಗಳನ್ನು ಎಣಿಸಿದರೆ ಸಾಕು.

ವೈರಾಣು ಒಳಗೆ ಬಂದ ಕೆಲವೇ ಗಂಟೆಗಳಲ್ಲಿ ಕೋಶಗಳು ಇಂಟರ್‌ಫೆರಾನ್ ಎಂಬ ರಸ ಬಿಡುತ್ತವೆ. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಕಂಡುಹಿಡಿದದ್ದು. ಅದು ಸೋಕಿದ ಬಿಳಿ ರಕ್ತಕಣದಲ್ಲಿ ಐಎಸ್‌ಜಿ15, ಎಂಎಕ್ಸ್1, ಓಎಎಸ್1 ಎಂಬ ಜೀನುಗಳ ಚೀಟಿ ಒಮ್ಮೆಲೇ ಏರುತ್ತವೆ. ಕುತ್ತಿಗೆಯ ನರದಿಂದ ರಕ್ತ ತೆಗೆದು ಆ ಚೀಟಿಗಳ ಲೆಕ್ಕ ಹಾಕುವುದು, ಆರೋಗ್ಯವಾಗಿರುವ ದನದ ಲೆಕ್ಕದ ಜೊತೆ ಹೋಲಿಸುವುದು. ಗೌರಿಯ ಕಿವಿ ಹಿಡಿದು, ಪಕ್ಕದ ಎತ್ತಿನ ಕಿವಿ ಹಿಡಿದು, ಮತ್ತೆ ಗೌರಿಯ ಕಿವಿಗೆ ಬಂದಳಲ್ಲ, ಆ ಹೋಲಿಕೆ.

ಜ್ವರ ಬಂದರೆ ಕಿವಿ ಬಿಸಿಯಾಗಬೇಕಲ್ಲವೇ ಎಂದು ಅಜ್ಜಿಗೆ ಕೇಳಿದ ಪ್ರಶ್ನೆಗೂ ಉತ್ತರ ಇಲ್ಲೇ ಸಿಕ್ಕಿತು. ಸೋಂಕು ತಗುಲಿದ ಮೈಯ ಬಿಳಿಕಣಗಳು ಚೀಟಿ ಬರೆದು, ಅದರಂತೆ ಕೆಲವು ರಸಗಳನ್ನು ಮಾಡಿ ರಕ್ತಕ್ಕೆ ಬಿಡುತ್ತವೆ. ಅವು ಮಿದುಳಿಗೆ ಮುಟ್ಟಿದಾಗ ಮಿದುಳು ಮೈಯ ಬಿಸಿಯ ಗುರಿಯನ್ನು ಮೇಲಕ್ಕೆ ಏರಿಸುತ್ತದೆ. ಬಿಸಿ ಕೂಡಿಡಬೇಕಾದರೆ ಚರ್ಮಕ್ಕೆ ಹೋಗುವ ರಕ್ತ ಕಟ್ಟಬೇಕು. ಮೊದಲು ಕಟ್ಟುವುದು ಕಿವಿ, ಕಾಲು, ಕೊಂಬಿನ ಬುಡ. ನಮಗೂ ಜ್ವರ ಏರುವ ಮೊದಲು ಚಳಿ ಹತ್ತಿ ಕೈಕಾಲು ತಣ್ಣಗಾಗುವುದಿಲ್ಲವೇ, ಹಾಗೆ. ಒಳಗೆ ಬೆಂಕಿ ಹಚ್ಚಿ ಕಿಟಕಿ ಮುಚ್ಚಿದ ಹೊತ್ತಿನಲ್ಲಿ ಅಜ್ಜಿಯ ಕೈ ಕಿಟಕಿಯ ಮೇಲಿತ್ತು. ಅವಳು ಹಿಡಿದದ್ದು ಬಾಲ. ಈ ಚೀಟಿ ಎಣಿಸುವವರು ಹಿಡಿಯಹೊರಟಿರುವುದು ತಲೆ.

ಎಷ್ಟು ಮುಂಚೆ ತಿಳಿದರೆ ಉಪಯೋಗ ಎಂಬುದಕ್ಕೆ ಇಂಗ್ಲೆಂಡಿನ ಪರ್‌ಬ್ರೈಟ್ ಸಂಸ್ಥೆಯವರು 2011ರಲ್ಲಿ ಕಾಲುಬಾಯಿಯ ಮೇಲೆ ಒಂದು ಲೆಕ್ಕ ಕೊಟ್ಟರು. ರೋಗದ ದನದ ಪಕ್ಕ ಆರೋಗ್ಯದ ದನವನ್ನು ಗಂಟೆ ಲೆಕ್ಕದಲ್ಲಿ ನಿಲ್ಲಿಸಿ ನೋಡಿದರು. ಆ ಪ್ರಯೋಗದಲ್ಲಿ ದನ ಇನ್ನೊಂದಕ್ಕೆ ರೋಗ ಅಂಟಿಸಿದ್ದು ಸರಾಸರಿ 1.7 ದಿನ ಮಾತ್ರ, ಅದೂ ಲಕ್ಷಣ ಕಾಣಿಸಿ ಸರಾಸರಿ ಅರ್ಧ ದಿನ ಕಳೆದ ಮೇಲೆ. ಎಂದರೆ ಜೊಲ್ಲು ಇಳಿಯುವ ಒಂದು ದಿನ ಮೊದಲು ತಿಳಿದರೂ ಬೇರೆ ಕಟ್ಟಿ ರೋಗವನ್ನು ಆ ಕೊಟ್ಟಿಗೆಯಲ್ಲೇ ನಿಲ್ಲಿಸಬಹುದು. 2013ರಲ್ಲಿ ದಕ್ಷಿಣ ಕರ್ನಾಟಕದಲ್ಲಿ ಕಾಲುಬಾಯಿಗೆ ಸಾವಿರಾರು ದನ ಸತ್ತ ಆ ಮಳೆಗಾಲ ಚಳಿಗಾಲಗಳನ್ನು ಕಂಡವನು ನಾನು. ಈ 1.7ರ ಮುಂದೆ ಬಹಳ ಹೊತ್ತು ಕೂತಿದ್ದೆ.

ನನಗೆ ಎಲ್ಲಕ್ಕಿಂತ ರುಚಿಸಿದ್ದು ಬೇರೆಯೇ. ಹಸುವಿಗೆ ಗಬ್ಬ ಕಟ್ಟಿದ ಹದಿನೆಂಟು ಇಪ್ಪತ್ತು ದಿನಕ್ಕೆ ಹೊಟ್ಟೆಯೊಳಗಿನ ಭ್ರೂಣವೂ ಒಂದು ಬಗೆಯ ಇಂಟರ್‌ಫೆರಾನ್ ಬಿಡುತ್ತದೆಯಂತೆ, ನಾನಿದ್ದೇನೆ ಎಂದು ತಾಯಿಗೆ ತಿಳಿಸಲು. ಆಗಲೂ ತಾಯಿಯ ರಕ್ತದಲ್ಲಿ ಅದೇ ಐಎಸ್‌ಜಿ15, ಅದೇ ಎಂಎಕ್ಸ್ ಏರುತ್ತವೆ.

"ಹಂಗಾದ್ರೆ ಗಬ್ಬಾನೋ ರೋಗಾನೋ ಹೆಂಗ್ ಹೇಳ್ತೀರಮ್ಮ?" ಎಂದೆ.

"ಒಂದೇ ಚೀಟಿ ನೋಡಿದ್ರೆ ಹೇಳಕ್ಕಾಗಲ್ಲ ಮಾವ, ಇಪ್ಪತ್ತು ಮೂವತ್ತು ಒಟ್ಟಿಗೆ ನೋಡ್ಬೇಕು."

ಕೈ ಹಾಕಿ ಗಬ್ಬ ನೋಡಿ ನೋಡಿ ಮೂವತ್ತೆಂಟು ವರ್ಷ ತೋಳು ಸವೆಸಿದವನಿಗೆ ಇದು ತಮಾಷೆಯಾಗಿ ಕಂಡಿತು. ಮೈಗೆ ಹೊರಗಿನವನೊಬ್ಬ ಬಂದ ಎಂಬುದಷ್ಟೇ ಮೊದಲ ಸುದ್ದಿ. ಬಂದದ್ದು ಮಗುವೋ ಮಾರಿಯೋ ಎಂಬುದು ಆಮೇಲೆ.

ಈ ಚೀಟಿಗಳ ಗುಂಪನ್ನು ಹಿಡಿದು ರೋಗ ಗುರುತಿಸುವ ಕೆಲಸ ಹೆಚ್ಚು ನಡೆದಿರುವುದು ದನದ ಕ್ಷಯದ ಮೇಲೆ, ಡಬ್ಲಿನ್ನಿನಲ್ಲಿ. ಕ್ಷಯ ವರ್ಷಗಟ್ಟಲೆ ಮೈಯಲ್ಲಿ ಅಡಗಿ ಕೂರುವ ರೋಗ. ಅದಕ್ಕೆ ಕಾಖ್ 1890ರಲ್ಲಿ ಮಾಡಿದ ಟ್ಯೂಬರ್‌ಕ್ಯುಲಿನ್ನಿನ ಶುದ್ಧ ಮಾಡಿದ ರೂಪವನ್ನೇ ಇವತ್ತೂ ಚರ್ಮಕ್ಕೆ ಚುಚ್ಚಿ, ಮೂರು ದಿನ ಬಿಟ್ಟು ಊತ ಅಳೆಯುತ್ತಾರೆ. ಎಡಿನ್‌ಬರೊ ಹತ್ತಿರದ ರಾಸ್ಲಿನ್‌ನವರು, ಡಾಲಿ ಕುರಿ ಮಾಡಿದವರು, ಪಂಜಾಬ್ ಸೀಮೆಯ ಸಾಹಿವಾಲ್ ಕರುವಿಗೂ ಹೋಲ್‌ಸ್ಟೀನ್ ಕರುವಿಗೂ ಥೈಲೇರಿಯಾ ಕೊಟ್ಟು ನೋಡಿದರು. ಸಾಹಿವಾಲ್ ತಡೆದುಕೊಂಡಿತು. ಎರಡು ತಳಿಯ ಬಿಳಿಕಣಗಳು ಬರೆಯುವ ಚೀಟಿಗಳೇ ಬೇರೆಯಾಗಿದ್ದವು. ಯಸಳೂರಿನ ಯಾವ ಹಣ್ಣುಮುದುಕನನ್ನು ಕೇಳಿದ್ದರೂ "ಊರ ದನಕ್ಕೆ ಉಣುಗು ಲೆಕ್ಕಕ್ಕಿಲ್ಲ" ಎನ್ನುತ್ತಿದ್ದ. ಯಾಕೆ ಎಂಬುದು ಅವನಿಗೆ ಗೊತ್ತಿರಲಿಲ್ಲ, ಅದಕ್ಕೆ ರಾಸ್ಲಿನ್ ಬೇಕಾಯಿತು.

ಇಷ್ಟಾಗಿ ಈ ಪರೀಕ್ಷೆ ಇನ್ನೂ ಸಂಶೋಧನೆಯ ಮೇಜು ಬಿಟ್ಟು ಹೋಬಳಿ ಆಸ್ಪತ್ರೆಗೆ ಇಳಿದಿಲ್ಲ. ಚೀಟಿ ಎಂದೆನಲ್ಲ, ಮಳೆಗೆ ಸಿಕ್ಕಿದ ಚೀಟಿ. ರಕ್ತ ತೆಗೆದ ಕೂಡಲೇ ಆರ್‌ಎನ್‌ಎ ಚೂರಾಗತೊಡಗುತ್ತದೆ. ಅದನ್ನು ಹಿಡಿದಿಡುವ ರಾಸಾಯನಿಕ ತುಂಬಿದ ಬೇರೆ ಟ್ಯೂಬೇ ಬೇಕು, ತಂಪು ಬೇಕು, ಕಡೆಗೆ ಹೋಗಿ ಮುಟ್ಟಲು ಬಸ್ಸೂ ಬೇಕು. ನನ್ನ ಫ್ಲಾಸ್ಕಿನ ಕತೆ ಮತ್ತೆ ಶುರು.

ಸದ್ಯಕ್ಕೆ ನಮಗಿರುವುದು ಬೇರೆ ಬಗೆಯ ಮುನ್ಸೂಚನೆ. ಯಲಹಂಕದ ಹತ್ತಿರ ರಾಮಗೊಂಡನಹಳ್ಳಿಯಲ್ಲಿ ನಿವೇದಿ ಎಂಬ ರಾಷ್ಟ್ರೀಯ ಸಂಸ್ಥೆ ಇದೆ. ಮಳೆ, ಬಿಸಿಲು, ಹಿಂದಿನ ವರ್ಷಗಳ ರೋಗದ ಲೆಕ್ಕ ಹಿಡಿದು ಯಾವ ಜಿಲ್ಲೆಗೆ ಯಾವ ರೋಗ ಬರಬಹುದು ಎಂದು ಎರಡು ತಿಂಗಳು ಮೊದಲೇ ಹೇಳುತ್ತದೆ. 2019ರಲ್ಲಿ ಕಾಲುಬಾಯಿ ಲಸಿಕೆಯ ದೊಡ್ಡ ಕಾರ್ಯಕ್ರಮ ಬಂತು. ಅದರ ಜೊತೆಗೆ ಪ್ರತಿ ದನದ ಕಿವಿಗೂ ಹನ್ನೆರಡು ಅಂಕಿಯ ಹಳದಿ ಬಿಲ್ಲೆ. ನನ್ನ ಅಜ್ಜಿ ಹಿಡಿಯುತ್ತಿದ್ದ ಜಾಗದ ಸ್ವಲ್ಪ ಕೆಳಗೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ದನದ ಜಾತ್ರೆ ಸಂತೆಗಳನ್ನು ಸರ್ಕಾರ ನಿಲ್ಲಿಸಿತು. ದೊಡ್ಡಪ್ಪ ಇದ್ದಿದ್ದರೆ ಬೈಯುತ್ತಿದ್ದ.

ಕಾನೂನೂ ಇದೆ. 2009ರ ಕಾಯಿದೆಯ ಪ್ರಕಾರ ಅಂಟುರೋಗದ ಅನುಮಾನ ಬಂದರೆ ಮಾಲೀಕ ತಿಳಿಸಬೇಕು, ಬೇರೆ ಕಟ್ಟಬೇಕು, ಸಾಗಿಸಬಾರದು. ನನ್ನ ಸರ್ವಿಸಿನಲ್ಲಿ ತಾನಾಗಿ ಬಂದು "ನಮ್ ದನಕ್ಕೆ ಅಂಟುರೋಗ ಇದೆ, ಬರ್ಕೊಳ್ಳಿ" ಎಂದವರು ಇಬ್ಬರೋ ಮೂವರೋ. ಮಿಕ್ಕವರನ್ನು ನಾನು ದೂರುವುದಿಲ್ಲ. ಹಾಲು ಡೇರಿಗೆ ಹೋಗಬೇಕು, ಸೊಸೈಟಿಯ ಸಾಲದ ಕಂತು ಕಟ್ಟಬೇಕು. ತಿಳಿಸಿದ ದಿನದಿಂದ ಅವನ ದನಕ್ಕೆ ಕೊಳ್ಳುವವರಿಲ್ಲ, ಸುಮ್ಮನಿದ್ದರೆ ಇನ್ನೂ ಎರಡು ದಿನ ಇದ್ದಾರೆ. ಈ ಎರಡು ದಿನವನ್ನು ಆರು ದಿನ ಮಾಡಿಕೊಡುವ ಪರೀಕ್ಷೆ ಬರಲಿ ಎಂದು ನನಗೂ ಆಸೆ. ಅದು ರೈತನ ಮೊಬೈಲಿಗೆ ಮೊದಲು ಬರುತ್ತದೋ ಆಸ್ಪತ್ರೆಗೆ ಮೊದಲು ಬರುತ್ತದೋ, ಅಲ್ಲಿ ಯೋಚನೆ ಹತ್ತುತ್ತದೆ.

ಮೊನ್ನೆ ಕಾರ್ತಿಕದಲ್ಲಿ ತಂಗಿಯ ಮಗಳು ಹಬ್ಬಕ್ಕೆ ಬಂದಿದ್ದಳು. ಈಗ ನಮ್ಮಲ್ಲಿರುವುದು ಎರಡು ಹಸು, ಒಂದು ಪಡ್ಡೆ. ಬೆಳಿಗ್ಗೆ ಹೋಗಿ ಅಭ್ಯಾಸದ ಮೇಲೆ ಪಡ್ಡೆಯ ಕಿವಿ ಬುಡ ಹಿಡಿದೆ. ತಣ್ಣಗಿತ್ತು. ಹಸುವಿನದು ಹಿಡಿದು ಮತ್ತೆ ಇದರದು ಹಿಡಿದೆ. ಅವಳನ್ನು ಕೂಗಿದೆ. ಥರ್ಮಾಮೀಟರ್ ಇಟ್ಟರೆ ನೂರಾ ಮೂರೂವರೆ, ಮಧ್ಯಾಹ್ನಕ್ಕೆ ನೂರಾ ಐದು. ಸಂಜೆ ಹಿಂಗಾಲು ಎಳೆಯತೊಡಗಿತು, ಬಾಯಲ್ಲಿ ಸ್ವಲ್ಪ ಜೊಲ್ಲು. ಅವಳು ನಾಲಿಗೆ ಎಳೆದು, ಟಾರ್ಚ್ ಬಿಟ್ಟು ನೋಡಿದಳು. ಹುಣ್ಣಿಲ್ಲ. ಗೊರಸಿನ ಸಂದು ತೊಳೆದು ನೋಡಿದಳು. ಅಲ್ಲೂ ಇಲ್ಲ. "ಮೂರು ದಿನದ ಜ್ವರ ಇರ್ಬೇಕು ಮಾವ, ಆದ್ರೂ ಬೇರೆ ಕಟ್ಟಿ" ಎಂದಳು. ಕಟ್ಟಿದೆವು.

ರಾತ್ರಿ ಎಂಟಕ್ಕೆ ಪಕ್ಕದ ಮನೆಯ ಹುಡುಗನ ಫೋನು. ಹುಡುಗ ಎಂದರೆ ನಲವತ್ತಾಗಿದೆ.

"ಡಾಕ್ಟ್ರೇ, ನಿಮ್ ಪಡ್ಡೆ ಕುಂಟ್ತಾ ಇದ್ಯಂತೆ?"

"ಹೌದಪ್ಪ. ಮೂರ್ ದಿನದ ಜ್ವರ ಅನ್ಸುತ್ತೆ. ನೋಡಣ."

"ಅನ್ಸುತ್ತೆ ಅಂದ್ರೆ?"

"ಇನ್ನೊಂದೆರಡು ದಿನ ಹೋದ್ರೆ ಗೊತ್ತಾಗುತ್ತೆ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ನನ್ ಹಸೂಗೆ ಅರಸೀಕೆರೆ ಕಡೆಯೋರು ಎಪ್ಪತ್ತು ಸಾವ್ರಕ್ಕೆ ಕೇಳವ್ರೆ ಡಾಕ್ಟ್ರೇ. ಎರಡು ದಿನ ಕಾಯ್ಲಾ?"

"ಕಾಯಿ" ಎಂದೆ. ಅವನು ಹೂಂ ಎಂದ.

ಮೂರನೆಯ ದಿನ ಪಡ್ಡೆ ಎದ್ದು ಬಾನಿಗೆ ಬಾಯಿ ಹಾಕಿತು. ಮೂರು ದಿನದ ಜ್ವರವೇ. ಹೇಳೋಣ ಎಂದು ಬೇಲಿಯ ಹತ್ತಿರ ಹೋದೆ. ಅವನ ಕೊಟ್ಟಿಗೆಯ ಬಾಗಿಲು ತೆಗೆದಿತ್ತು, ಗೂಟಕ್ಕೆ ಕಣ್ಣಿ ಸುತ್ತಿಟ್ಟಿತ್ತು. ಅಂಗಳದ ಕೆಸರಿನಲ್ಲಿ ಪಿಕಪ್ಪಿನ ಚಕ್ರದ ಗುರುತು ಒಣಗಿ ಗಟ್ಟಿಯಾಗಿದ್ದವು.